ಹೆಡ್ಮೇಷ್ಟ್ರು ಹಾಕಿದ ಹಳೆಯ ರಿಂಗು

ಅವನನ್ನು ಇಡೀ ಬೀದಿ ಹೆಡ್ಮೇಷ್ಟ್ರು ಎಂದೇ ಕರೆಯುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದು ಓಡಿದ್ದೇ ಹೆಚ್ಚಾಗಿದ್ದ ಮನುಷ್ಯನಿಗೆ ಈ ಪದವಿ ದಕ್ಕಲು ಎರಡು ಕಾರಣಗಳಿದ್ದವು. ಕಾರಿನ ಎಂಜಿನ್ನಿನ ಮೇಲಿನ ಭಾಗಕ್ಕೆ ಹೆಡ್ ಎನ್ನುತ್ತಾರೆ. ಅದನ್ನು ಬಿಚ್ಚಿ, ಉಜ್ಜಿ, ಸಪಾಟು ಮಾಡಿ ಮತ್ತೆ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಅದು ಒಂದು. ಗಾಡಿ ತಂದವರನ್ನು ಎದುರಿಗೆ ನಿಲ್ಲಿಸಿಕೊಂಡು, ಅವರ ತಪ್ಪು ಏನೆಂದು ಪಾಠ ಮಾಡಿ ಮುಗಿಸದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಿರಲಿಲ್ಲ ಎನ್ನುವುದು ಇನ್ನೊಂದು. ಪಾಠ ಕೇಳಿಸಿಕೊಂಡವರು ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ಆದರೆ ಮುಂದಿನ ಸಲವೂ ಅವನ ಬಳಿಗೇ ಬರುತ್ತಿದ್ದರು, ಯಾಕೆಂದರೆ ಅವನು ಕೂರಿಸಿದ ಹೆಡ್ಡು ಮತ್ತೆ ತಕರಾರು ಮಾಡುತ್ತಿರಲಿಲ್ಲ.

ಅವನ ಗ್ಯಾರೇಜಿಗೆ ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕುಡಿದು ಕಪ್ಪಾದ ಸಿಮೆಂಟು ನೆಲ, ನಡುವೆ ಆಳೆತ್ತರದ ಒಂದು ಗುಂಡಿ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿದ್ದ. ಒಂದು ಆಕಾರ ಖಾಲಿ ಕಂಡರೂ ಸಂಜೆ ಬಾಗಿಲೆಳೆಯುತ್ತಿರಲಿಲ್ಲ. ಕೆಲಸಕ್ಕೆ ಯಾರನ್ನೂ ಇಟ್ಟುಕೊಂಡವನಲ್ಲ, ಬೇರೆಯವರು ಬಿಗಿದ ಬೋಲ್ಟಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ಹೆಂಡತಿ ಹೇಳುವ ಪ್ರಕಾರ ಬೇರೆಯವರು ಹಾಕಿದ ಚಿಲಕದ ಮೇಲೂ ಇಲ್ಲ. ಅವಳು ಬಾಗಿಲು ಹಾಕಿ ಬಂದ ಮೇಲೆ ಇವನೊಮ್ಮೆ ಎದ್ದುಹೋಗಿ ಎಳೆದು ನೋಡಿ ಬರಲೇಬೇಕು.

ಇಂಥವನಿಗೆ ಸಿಕ್ಕ ಷಡ್ಡಕ ಮಾತ್ರ ಎಲ್ಲರನ್ನೂ ನಂಬುವ ಪ್ರಾಣಿ. ಹೆಂಡತಿಗೆ ಒಬ್ಬಳೇ ತಂಗಿ. ತಂದೆತಾಯಿ ಬೇಗ ತೀರಿಕೊಂಡದ್ದರಿಂದ ಅವಳು ಬೆಳೆದದ್ದೆಲ್ಲ ಅಕ್ಕ-ಭಾವನ ಮನೆಯಲ್ಲೇ. ಅವಳಿಗೆ ಗಂಡು ಹುಡುಕಿದವನೂ ಹೆಡ್ಮೇಷ್ಟ್ರೇ. ಗ್ಯಾರೇಜಿಗೆ ಬರುತ್ತಿದ್ದ ಡ್ರೈವರುಗಳಲ್ಲಿ ಒಬ್ಬನ ಗಾಡಿಯ ಬ್ರೇಕು ಮಾತ್ರ ಸವೆಯುತ್ತಲೇ ಇರಲಿಲ್ಲ. ಬ್ರೇಕನ್ನು ಇಷ್ಟು ಜೋಪಾನ ಮಾಡುವವನು ಹೆಂಡತಿಯನ್ನೂ ಜೋಪಾನ ಮಾಡಿಯಾನು ಎಂದು ಲೆಕ್ಕ ಹಾಕಿ, ತಾನೇ ಮುಂದೆ ನಿಂತು ಮದುವೆ ಮಾಡಿಸಿದ. ಲೆಕ್ಕ ತಪ್ಪಲಿಲ್ಲ. ಆದರೆ ಮದುವೆಯಾದ ಮೇಲೆ ಅದೇ ಗುಣವನ್ನು ಹಿಡಿದು ಆಡಿಕೊಳ್ಳುವುದು ಹೆಡ್ಮೇಷ್ಟ್ರಿಗೆ ಚಟವಾಯಿತು. ಷಡ್ಡಕನಿಗೆ ನಿಧಾನಪ್ಪ ಎಂದು ಹೆಸರಿಟ್ಟ. ಅವನು ಒಬ್ಬ ಹೆರಿಗೆ ಡಾಕ್ಟರಮ್ಮನ ಕಾರು ಓಡಿಸುತ್ತಿದ್ದ. ಆ ಕೆಲಸ ಕೊಡಿಸಿದವನೂ ಇವನೇ. ನಿಧಾನಪ್ಪನ ಗಾಡಿ ಹತ್ತಿದರೆ ಹೆರಿಗೆಗೆಂದು ಹೊರಟ ಡಾಕ್ಟರು ಆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ತಲುಪುತ್ತಾರೆ ಎಂದು ನೆಂಟರ ಎದುರಿಗೆಲ್ಲ ಹೇಳಿ ನಗಿಸುತ್ತಿದ್ದ. ನಿಧಾನಪ್ಪನೂ ನಗುತ್ತಿದ್ದ. ಅಣ್ಣ ಅಂದದ್ದು ಅಣ್ಣನ ಪ್ರೀತಿ ಎಂದೇ ಅವನ ತಿಳಿವಳಿಕೆ.

ಡಾಕ್ಟರಮ್ಮನಿಗೆ ಮಾತ್ರ ಆ ನಿಧಾನದ ಬೆಲೆ ಗೊತ್ತಿತ್ತು. ಎರಡು ಆಸ್ಪತ್ರೆ, ಹೊತ್ತುಗೊತ್ತಿಲ್ಲದ ಕರೆಗಳು. ಅವರಿಗೆ ನಿದ್ದೆ ಸಿಗುತ್ತಿದ್ದದ್ದೇ ಕಾರಿನ ಹಿಂದಿನ ಸೀಟಿನಲ್ಲಿ. ನಿಧಾನಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸುತ್ತಿದ್ದ, ಅವರು ಹಿಂದೆ ಒರಗಿ ಮಲಗುತ್ತಿದ್ದರು.

ಆ ಬೆಳಿಗ್ಗೆ ಅವನು ಎಂದಿನಂತೆ ಬಾನೆಟ್ ಎತ್ತಿ, ರೇಡಿಯೇಟರಿನ ನೀರು ಉಕ್ಕಿದಾಗ ಸೇರುವ ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿದ. ಹಸಿರು ನೀರು ಇರಬೇಕಾದಲ್ಲಿ, ಹಾಲು ಹೆಚ್ಚಾದ ಕಾಫಿಯ ಬಣ್ಣದ, ಬೆಣ್ಣೆಯಷ್ಟು ಮಂದವಾದ ಏನೋ ಇತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಸುತ್ತು ಹೋಗಿ ಬಂದು ನೋಡೋಣ ಎನ್ನುತ್ತಿದ್ದರು. ಇವನು ಕೀಲಿಯನ್ನೇ ತಿರುಗಿಸಲಿಲ್ಲ. ಡಾಕ್ಟರಮ್ಮನಿಗೆ ಹೇಳಿ, ಪಕ್ಕದ ಮನೆಯವರ ಜೀಪಿಗೆ ಹಗ್ಗ ಕಟ್ಟಿಸಿ, ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಬಂದ. ಜೊತೆಗೆ ಡಾಕ್ಟರಮ್ಮನೂ ಬಂದರು.

ಹೆಡ್ಮೇಷ್ಟ್ರು ಡಬ್ಬಿಯೊಳಗೆ ಬೆರಳದ್ದಿ, ಎರಡು ಬೆರಳ ನಡುವೆ ಉಜ್ಜಿ, ಮೂಸಿ ನೋಡಿದ. ನೀರಿಗೆ ಎಣ್ಣೆ ಸೇರಿದೆ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎದುರಿಗೆ ಓದಿದ ಹೆಂಗಸು ಕುತೂಹಲದಿಂದ ಕೇಳುತ್ತ ನಿಂತಿರುವಾಗ ಅವನು ಪಾಠ ಮಾಡದೆ ಹೇಗಿದ್ದಾನು? ಎಂಜಿನ್ನಿನ ಹೊಟ್ಟೆಯೊಳಗೆ ಎಣ್ಣೆಗೊಂದು ದಾರಿ, ನೀರಿಗೊಂದು ದಾರಿ. ಎರಡೂ ಪಕ್ಕಪಕ್ಕದಲ್ಲೇ ಓಡುತ್ತವೆ, ಒಂದನ್ನೊಂದು ಮುಟ್ಟಕೂಡದು. ಹೆಡ್ಡಿನ ಕೆಳಗೆ ಒಂದು ತೆಳು ಹಾಳೆ ಇರುತ್ತದೆ, ಗ್ಯಾಸ್ಕೆಟ್ ಎಂದು. ಎಂಜಿನ್ನು ಮಿತಿಮೀರಿ ಕಾದರೆ ಅದು ಸುಟ್ಟು, ಎಣ್ಣೆ ನೀರು ಒಂದಾಗುತ್ತವೆ. ಅಂದರೆ ಈ ಗಾಡಿ ಎಲ್ಲೋ ಚೆನ್ನಾಗಿ ಕಾದಿದೆ, ಕಾದದ್ದನ್ನು ಓಡಿಸುವವರು ಗಮನಿಸಿಲ್ಲ. ಇಷ್ಟನ್ನೂ ಅವನು ಡಿಪ್‌ಸ್ಟಿಕ್ ಎಳೆದು ಎಂಜಿನ್ನಿನ ಎಣ್ಣೆ ಹೇಗಿದೆ ಎಂದು ನೋಡುವ ಮೊದಲೇ ಹೇಳಿ ಮುಗಿಸಿದ. ಜೀವಮಾನವೆಲ್ಲ ಹೆಡ್ಡು ಬಿಚ್ಚಿದವನಿಗೆ ಎಲ್ಲ ಕಾಯಿಲೆಯೂ ಹೆಡ್ಡಿನದಾಗಿಯೇ ಕಂಡಿತು.

ನಿಧಾನಪ್ಪ ಮೆಲ್ಲಗೆ ಬಾಯಿಬಿಟ್ಟ. "ಅಣ್ಣ, ಬಿಸಿ ತೋರಿಸೋ ಮುಳ್ಳು ಅರ್ಧ ದಾಟಿದ್ದು ನಾನು ನೋಡೇ ಇಲ್ಲ."

"ನೋಡಿಲ್ಲ ಅಂತಾನೇ ಕಣಯ್ಯ ನಾನೂ ಹೇಳ್ತಿರೋದು" ಎಂದ ಹೆಡ್ಮೇಷ್ಟ್ರು.

ಅದು ಅವನ ಎಂದಿನ ಕೀಟಲೆ. ನೆಂಟರ ನಡುವೆ ಆಗಿದ್ದರೆ ನಗು ಏಳುತ್ತಿತ್ತು. ಡಾಕ್ಟರಮ್ಮ ನಗಲಿಲ್ಲ. ನಿಧಾನಪ್ಪನ ಮುಖವನ್ನೊಮ್ಮೆ ನೋಡಿ, ಗಾಡಿ ಬೇಗ ಸರಿಮಾಡಿಕೊಡಿ ಎಂದಷ್ಟೇ ಹೇಳಿ ಹೊರಟರು.

ಮರುದಿನ ಅವರು ನಿಧಾನಪ್ಪನನ್ನು ಕೆಲಸದಿಂದ ಬಿಡಿಸಿದರು. ಕೂಗಾಡಲಿಲ್ಲ, ಅವಮಾನ ಮಾಡಲಿಲ್ಲ. ದಾರಿಯಲ್ಲಿ ಗಾಡಿ ನಿಂತರೆ ಅಲ್ಲಿ ಎರಡು ಜೀವ ಕಾಯುತ್ತಿರುತ್ತವೆ, ಗಮನ ತಪ್ಪುವವರನ್ನು ನಾನು ಇಟ್ಟುಕೊಳ್ಳಲಾರೆ ಎಂದರಂತೆ. ಅವರ ಮಾತಿನಲ್ಲೂ ನ್ಯಾಯವಿತ್ತು. ಹೊರಗಿನ ಮೆಕ್ಯಾನಿಕ್ ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ. ಸ್ವಂತ ಷಡ್ಡಕನೇ ಹೇಳಿದ ಮೇಲೆ ಅನುಮಾನ ಪಡಲು ಏನಿದೆ? ತನ್ನವರ ಮೇಲೆ ಸುಮ್ಮಸುಮ್ಮನೆ ಯಾರು ದೂರು ಹೇಳುತ್ತಾರೆ?

ಸುದ್ದಿಯನ್ನು ಹೆಂಡತಿ ಊಟಕ್ಕೆ ಬಡಿಸುತ್ತ ಹೇಳಿದಳು. ಹೆಡ್ಮೇಷ್ಟ್ರಿಗೆ ಒಳಗೆ ಚುರುಕ್ಕೆಂದಿತು. ಆದರೂ, ನಿಜ ಹೇಳಿದ್ದಕ್ಕೆ ನಾನೇನು ಮಾಡಲಿ, ಇನ್ನೊಂದು ಕೆಲಸ ಹುಡುಕಿಕೊಟ್ಟರಾಯಿತು ಎಂದು ಗೊಣಗಿ ತಟ್ಟೆಯ ಕಡೆಗೆ ತಲೆ ಬಗ್ಗಿಸಿದ. ನಿಜ ಎನ್ನುವ ಮಾತನ್ನು ಅವತ್ತು ಅವನು ಬಹಳ ಅಗ್ಗವಾಗಿ ಖರ್ಚು ಮಾಡಿದ.

ಆ ವಾರದ ಕೊನೆಗೆ ಹೆಡ್ಡು ಬಿಚ್ಚಿದ. ಬೋಲ್ಟುಗಳನ್ನು ಕ್ರಮವಾಗಿ ಸಡಿಲಿಸಿ, ಹೆಡ್ಡನ್ನು ಎತ್ತಿ ಮೇಜಿನ ಮೇಲೆ ಬೋರಲು ಮಲಗಿಸಿ, ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದ. ಸುಟ್ಟ ಗುರುತಿಲ್ಲ. ಎಣ್ಣೆಯ ತೂತಿನಿಂದ ನೀರಿನ ತೂತಿನವರೆಗೆ ಎಲ್ಲೂ ಒಂದು ಗೆರೆ ಹರಿದಿಲ್ಲ. ಇರಲಿ, ಹೆಡ್ಡೇ ಸೊಟ್ಟಗಾಗಿರಬೇಕು ಎಂದು ಉಕ್ಕಿನ ನೇರಪಟ್ಟಿ ಇಟ್ಟು, ಕೆಳಗೆ ತೆಳು ತಗಡಿನ ಎಲೆ ತೂರಿಸಿ ನೋಡಿದ. ಅತಿ ತೆಳ್ಳಗಿನ ಎಲೆಯೂ ಒಳಗೆ ಹೋಗಲಿಲ್ಲ. ಬಿರುಕು ಇರಬಹುದೆಂದು ಸೀಮೆಎಣ್ಣೆ ಸುರಿದು ಕಾದ. ಒಂದು ಹನಿಯೂ ಜಿನುಗಲಿಲ್ಲ. ಹೆಡ್ಡು ಕಾದಿದ್ದರೆ ತಾನೇ ಸೊಟ್ಟಗಾಗುವುದು, ಸೀಳುವುದು? ಈ ಎಂಜಿನ್ನು ಕಾದೇ ಇರಲಿಲ್ಲ. ಮುಳ್ಳು ಮೇಲೇರಿರಲೇ ಇಲ್ಲ.

ಆಗ ಹೋಗಿ ಡಿಪ್‌ಸ್ಟಿಕ್ ಎಳೆದ. ಎಣ್ಣೆ ಜೇನಿನ ಬಣ್ಣದಲ್ಲಿ ತಿಳಿಯಾಗಿತ್ತು, ಮಟ್ಟ ಮಾತ್ರ ಸ್ವಲ್ಪ ಕೆಳಗಿಳಿದಿತ್ತು. ನೀರು ಎಣ್ಣೆಗೆ ಹೋಗಿಲ್ಲ, ಎಣ್ಣೆ ಮಾತ್ರ ನೀರಿಗೆ ಹೋಗಿದೆ. ಇದನ್ನು ಅವತ್ತೇ ನೋಡಿದ್ದರೆ ಬಾಯಿಗೆ ಬೀಗ ಬೀಳುತ್ತಿತ್ತು.

ಇನ್ನು ಉಳಿದದ್ದು ಒಂದೇ ಜಾಗ. ಆಯಿಲ್ ಫಿಲ್ಟರಿನ ಹಿಂದೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಡಬ್ಬಿ ಇರುತ್ತದೆ. ಅದರ ಒಂದು ಪದರದಲ್ಲಿ ಬಿಸಿ ಎಣ್ಣೆ, ಪಕ್ಕದ ಪದರದಲ್ಲಿ ನೀರು. ನೀರು ಎಣ್ಣೆಯ ಕಾವನ್ನು ಎಳೆದುಕೊಳ್ಳಲಿ ಎಂದು ಈ ಏರ್ಪಾಡು. ಆ ಡಬ್ಬಿ ಎಂಜಿನ್ನಿಗೆ ಅಂಟಿ ಕೂರುವ ಜಾಗದಲ್ಲಿ ಎರಡು ದಾರಿಗಳನ್ನೂ ಬೇರೆಬೇರೆ ಇಡುವುದು ಬಳೆಯಂಥ ರಬ್ಬರ್ ರಿಂಗುಗಳು. ಎಂಜಿನ್ನು ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಹೆಚ್ಚು. ಒಂದು ರಿಂಗು ಸೋತರೆ ಎಣ್ಣೆ ನೀರಿನೊಳಕ್ಕೆ ನುಗ್ಗುತ್ತದೆ. ಅವನು ಡಬ್ಬಿಯನ್ನು ಬಿಚ್ಚಿ, ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಡಬ್ಬಿ ಗಟ್ಟಿಯಾಗಿತ್ತು. ಆಮೇಲೆ ರಿಂಗನ್ನು ಉಗುರಿನಿಂದ ಎಬ್ಬಿಸಿ ಅಂಗೈ ಮೇಲೆ ಇಟ್ಟುಕೊಂಡ. ಅದು ಚಪ್ಪಟೆಯಾಗಿ, ಮೂಳೆಯಂತೆ ಗಟ್ಟಿಯಾಗಿ, ಒಂದು ಕಡೆ ಸೀಳಿತ್ತು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆ ರಿಂಗು ಅವನಿಗೆ ಗೊತ್ತಿತ್ತು.

ಹಿಂದಿನ ಸರ್ವೀಸಿನಲ್ಲಿ ಇದೇ ಡಬ್ಬಿಯ ಹೊರಗೆ ಸಣ್ಣಗೆ ಎಣ್ಣೆ ಜಿನುಗುತ್ತಿದೆಯೆಂದು ಅವನೇ ಬಿಚ್ಚಿದ್ದ. ಹೊಸ ರಿಂಗು ಅಂಗಡಿಯಲ್ಲಿರಲಿಲ್ಲ, ಮರುದಿನ ಬರುತ್ತೆ ಎಂದಿದ್ದರು. ಡಾಕ್ಟರಮ್ಮನಿಗೆ ಸಂಜೆಗೇ ಗಾಡಿ ಬೇಕಿತ್ತು. ಹಳೆಯದನ್ನು ಒರೆಸಿ ನೋಡಿದ, ಪರವಾಗಿಲ್ಲ ಅನ್ನಿಸಿತು, ಗ್ರೀಸು ಸವರಿ ಮತ್ತೆ ಕೂರಿಸಿದ. ಅವನಿಗೆ ಕೆಲಸ ಕಲಿಸಿದ ಗುರುವೂ ಹಾಗೇ ಮಾಡುತ್ತಿದ್ದ. ಇನ್ನೂ ಜೀವವಿರುವ ರಬ್ಬರನ್ನು ಬಿಸಾಡುವವನು ಮೆಕ್ಯಾನಿಕ್ಕೇ ಅಲ್ಲ ಎನ್ನುವುದು ಆ ಕಾಲದ ಅಹಂಕಾರ. ಅವತ್ತು ನಿಧಾನಪ್ಪ ಪಕ್ಕದಲ್ಲೇ ಟೀ ಲೋಟ ಹಿಡಿದು ನಿಂತಿದ್ದ. ಹೊಸದು ಹಾಕಲ್ವಾ ಅಣ್ಣ ಎಂದು ಕೇಳಿಯೂ ಇದ್ದ. ನೀನು ಸ್ಟೀರಿಂಗ್ ನೋಡ್ಕೋ, ರಿಂಗು ನನಗೆ ಬಿಡು ಎಂದು ಇವನು ಹೇಳಿ, ಇಬ್ಬರೂ ನಕ್ಕಿದ್ದರು.

ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಕೈ ತಾನಾಗಿಯೇ ಚಾಚಿ ಆ ರಿಂಗನ್ನು ಹಳೆಯ ಎಣ್ಣೆಯ ಡ್ರಮ್ಮಿನೊಳಕ್ಕೆ ಹಾಕಿಬಿಟ್ಟಿತು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವನಿಗೆ ಒಂದೇ ಉತ್ತರ ಸಿಗುತ್ತಿತ್ತು. ಕಳ್ಳ ಏನು ಮಾಡುತ್ತಾನೋ ಅದನ್ನೇ ಮಾಡಿದ್ದ.

ಗಾಡಿಯನ್ನು ಮಾತ್ರ ಅವನು ಹಿಂದೆಂದೂ ಮಾಡದಷ್ಟು ಶ್ರದ್ಧೆಯಿಂದ ಸರಿಮಾಡಿದ. ಹೊಸ ರಿಂಗು, ಹೊಸ ಗ್ಯಾಸ್ಕೆಟ್. ಎಣ್ಣೆ ತಗುಲಿ ಊದಿಕೊಂಡಿದ್ದ ರಬ್ಬರ್ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ನೀರಿನ ಓಟವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆಗೆದಿಟ್ಟು, ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ರೇಡಿಯೇಟರಿಗೆ ತುಂಬಿ, ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟ. ಹೀಟರನ್ನೂ ತೆರೆದಿಟ್ಟ, ಒಳಗಿನ ಸಣ್ಣ ಕೊಳವೆಗಳಲ್ಲೂ ಕೊಳೆ ಉಳಿಯದಿರಲಿ ಎಂದು. ಕೆಳಗಿನ ಪೈಪು ಬಿಚ್ಚಿದಾಗ ಕಂದು ಬೆಣ್ಣೆ ಉಂಡೆಉಂಡೆಯಾಗಿ ತಗಡಿನ ತೊಟ್ಟಿಗೆ ಬಿತ್ತು. ಮತ್ತೆ ಸೋಪು, ಮತ್ತೆ ಬಿಸಿನೀರು. ನೀರು ತಿಳಿಯಾದರೂ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಅದು ಹೋಗುವವರೆಗೂ ಬಿಡಲಿಲ್ಲ. ಎಣ್ಣೆ ಒಮ್ಮೆ ನೀರಿನ ದಾರಿ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ, ಮೂಲೆಮೂಲೆಯಲ್ಲಿ ಅಡಗಿ ಕೂರುತ್ತದೆ. ಕೊನೆಗೆ ಹಸಿರು ಕೂಲೆಂಟ್ ತುಂಬಿ, ಗಾಳಿ ತೆಗೆದು, ಊರ ಹೊರಗಿನ ಏರುದಾರಿಯಲ್ಲಿ ಓಡಿಸಿ ಬಂದ. ಮುಳ್ಳು ಅರ್ಧದಲ್ಲೇ ನಿಂತಿತ್ತು.

ಇಲ್ಲಿಗೆ ಸುಮ್ಮನಾಗಿಬಿಡಬಹುದಿತ್ತು. ಗಾಡಿ ಸರಿಯಾಯಿತು, ಹೆಡ್ಡು ಬಿಚ್ಚಿದ್ದೂ ನಿಜವೇ. ಕೇಳಿದವರಿಗೆ ಹೆಡ್ ಗ್ಯಾಸ್ಕೆಟ್ ಎಂದರೆ ಮುಗಿಯಿತು. ಅವನು ಸುಮ್ಮನಿರಲು ನಿಜವಾಗಿಯೂ ಪ್ರಯತ್ನಪಟ್ಟ. ಷಡ್ಡಕನಿಗೆ ಬ್ರೆಡ್ಡು ಸಾಗಿಸುವ ವ್ಯಾನಿನಲ್ಲಿ ಕೆಲಸ ಹುಡುಕಿ, ಹೆಂಡತಿಯ ಕೈಲಿ ಹೇಳಿಕಳಿಸಿದ. ಅವಳು ತಂಗಿಯ ಮನೆಗೆ ಹೋದವಳು ಸಪ್ಪೆ ಮೋರೆ ಹಾಕಿಕೊಂಡು ಬಂದಳು.

ನಿಧಾನಪ್ಪ ಬೇಡ ಅಂದನಂತೆ. ಕೋಪದಿಂದಲ್ಲ. ಅಣ್ಣ ಹೇಳಿದ ಮೇಲೆ ಅದು ಸುಳ್ಳಾಗಲು ಸಾಧ್ಯವಿಲ್ಲ, ಮುಳ್ಳು ಏರಿಯೇ ಇರಬೇಕು, ನೋಡುತ್ತಿದ್ದೇನೆ ಅಂದುಕೊಂಡೇ ನಾನು ನೋಡಿಲ್ಲ ಎಂದನಂತೆ. ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾನೆ, ಕಣ್ಣಿಗೇನೂ ಆಗಿಲ್ಲ ಎಂದಿದ್ದಾರೆ. ಹಾಗಾದರೆ ತಲೆಯೇ ಸರಿಯಿಲ್ಲ ಎಂದು ಇನ್ನೂ ಹೆದರಿಕೊಂಡಿದ್ದಾನೆ. ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಿದ್ದವನು ಈಗ ಕೈಹಿಡಿದು ನಡೆಸಿಕೊಂಡು ಹೋಗುತ್ತಾನೆ. ಸ್ಕೂಟರಿಗೆ ಹೊದಿಕೆ ಹಾಕಿ ಮೂಲೆಗೆ ನಿಲ್ಲಿಸಿದ್ದಾನೆ.

ಹೆಡ್ಮೇಷ್ಟ್ರು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದ. ಕೆಲಸ ಹೋದದ್ದನ್ನು ಇನ್ನೊಂದು ಕೆಲಸ ಕೊಟ್ಟು ಸರಿಮಾಡಬಹುದೆಂದು ಅವನು ನಂಬಿದ್ದ. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದ್ದೇನೆ ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ತನ್ನ ಮಾತಿಗೆ ಇಷ್ಟು ತೂಕವಿದೆ ಎಂದು ಹಿಂದೆ ತಿಳಿದಿದ್ದರೆ ಹಿಗ್ಗುತ್ತಿದ್ದ. ಈಗ ಆ ತೂಕ ಎದೆಯ ಮೇಲೆ ಕೂತಿತ್ತು. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಭಯವಾಯಿತು.

ಮರುದಿನ ಅವನು ಹೊಗೆಬಣ್ಣದ ಅಂಗಿ ಬಿಟ್ಟು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಹೊಟ್ಟೆ ಹೊತ್ತ ಹೆಂಗಸರ ಸಾಲಿನ ಕೊನೆಯಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದು, ತನ್ನ ಸರದಿ ಬಂದಾಗ ಒಳಗೆ ಹೋಗಿ ಎಲ್ಲವನ್ನೂ ಹೇಳಿದ. ಎಂಜಿನ್ನು ಕಾದೇ ಇಲ್ಲ, ಹಳೆಯ ರಿಂಗು ಹಾಕಿದವನು ನಾನು, ಡ್ರೈವರನದು ಒಂದಿಷ್ಟೂ ತಪ್ಪಿಲ್ಲ ಎಂದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಒಂದು ಮೃದು ನಗು ಬಂತು.

"ನಿಮ್ಮವರು ಮನೇಲಿ ಕೂತಿರೋದನ್ನ ನೋಡೋಕಾಗಲ್ಲ ಅಲ್ವಾ? ನನಗೂ ಅರ್ಥ ಆಗುತ್ತೆ. ಬರೋಕೆ ಹೇಳಿ, ಇನ್ನೊಂದ್ಸಲ ನೋಡೋಣ. ಆದ್ರೆ ನನಗೋಸ್ಕರ ಇಷ್ಟು ದೊಡ್ಡ ಕಥೆ ಕಟ್ಟಬೇಡಿ."

ಅವನು ಕಥೆಯಲ್ಲ ಎಂದ. ಆ ರಿಂಗು ಎಲ್ಲಿದೆ, ತೋರಿಸಿ ಎಂದು ಅವರು ಕೇಳಿದರು. ಅದನ್ನು ಹಳೆಯ ಎಣ್ಣೆಗೆ ಎಸೆದೆ, ಆ ಎಣ್ಣೆಯನ್ನು ಗುಜರಿಯವರು ಒಯ್ದರು ಎಂದು ಹೇಳುವಾಗ, ತನ್ನ ಕಿವಿಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಹೊರಗೆ ನರ್ಸು ಮುಂದಿನವರನ್ನು ಕರೆದಳು. ಬಿಸಾಡಿದ ಸಾಕ್ಷಿ ಈಗ ಬೇಕಾಗಿತ್ತು, ಅದೂ ತನ್ನ ತಪ್ಪನ್ನು ಸಾಬೀತು ಮಾಡುವುದಕ್ಕೆ. ಅವತ್ತು ಷಡ್ಡಕ ಎಂಬ ಕಾರಣಕ್ಕೆ ಅವನ ದೂರನ್ನು ನಂಬಿದ್ದರು. ಇವತ್ತು ಅದೇ ಕಾರಣಕ್ಕೆ ಅವನ ತಪ್ಪೊಪ್ಪಿಗೆಯನ್ನು ನಂಬಲಿಲ್ಲ.

ಅಲ್ಲಿಂದ ನೇರವಾಗಿ ನಾದಿನಿಯ ಮನೆಗೆ ಹೋದ. ಎರಡನೇ ಮಹಡಿಯ ಸಣ್ಣ ಮನೆ, ಒಣಹಾಕಿದ ಬಟ್ಟೆಗಳನ್ನು ಸರಿಸಿಕೊಂಡು ಒಳಗೆ ಹೋಗಬೇಕು. ನಿಧಾನಪ್ಪ ನೆಲದ ಮೇಲೆ ಕೂತು ಮಗಳ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದ. ಎದ್ದು ಕುರ್ಚಿ ಎಳೆದು ಕೊಟ್ಟ. ಹೆಡ್ಮೇಷ್ಟ್ರು ಕೂರಲಿಲ್ಲ. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಇಲ್ಲೂ ನಿಂತುಕೊಂಡೇ ಹೇಳಿದ, ಡಾಕ್ಟರಮ್ಮ ಮತ್ತೆ ಕೆಲಸಕ್ಕೆ ಬರಹೇಳಿದ್ದಾರೆ ಎಂದೂ ಸೇರಿಸಿದ. ಹೇಳಿ ಮುಗಿಸಿದಾಗ ನಿಧಾನಪ್ಪನ ಕಣ್ಣಲ್ಲಿ ನೀರಿತ್ತು.

"ನನಗೋಸ್ಕರ ನಿಮ್ಮ ಹೆಸರು ಹಾಳು ಮಾಡ್ಕೋಬೇಡಿ ಅಣ್ಣ" ಎಂದ ಅವನು. "ಡಾಕ್ಟರಮ್ಮನ ಹತ್ರಾನೂ ಹೋಗಿ ಹೀಗೇ ಹೇಳಿದ್ರಾ? ಒಡಹುಟ್ಟಿದವರೂ ಇಷ್ಟು ಮಾಡಲ್ಲ."

ಹೆಡ್ಮೇಷ್ಟ್ರಿಗೆ ರೇಗಿಹೋಯಿತು. ನಿನಗೇನು ತಲೆ ಕೆಟ್ಟಿದೆಯಾ ಎಂದು ಗದರಲು ಬಾಯಿ ತೆರೆದವನು, ಆ ಮಾತು ಇವತ್ತು ಎಲ್ಲಿ ಹೋಗಿ ನಾಟೀತೆಂದು ನೆನೆದು ನಾಲಿಗೆ ಕಚ್ಚಿಕೊಂಡ. ಮತ್ತೆ ಮೊದಲಿನಿಂದ ಹೇಳಿದ. ನಿಧಾನಪ್ಪ ಮತ್ತೆ ಹಾಗೇ ತಲೆಯಾಡಿಸಿದ, ದೊಡ್ಡವರು ದೊಡ್ಡ ಮನಸ್ಸಿನಿಂದ ಹೇಳುವ ಸುಳ್ಳನ್ನು ಕೇಳಿಸಿಕೊಳ್ಳುವವರಂತೆ.

ಅಡುಗೆಮನೆಯ ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಕಾಫಿ ತಂದವಳು ಅದನ್ನು ಕೊಡದೆ ಕೈಯಲ್ಲೇ ಹಿಡಿದಿದ್ದಳು.

"ನಾನು ನಂಬ್ತೀನಿ ಭಾವ" ಎಂದಳು. "ನಿಮ್ಮನೇಲೇ ಬೆಳೆದವಳು ನಾನು. ನೀವು ಸುಳ್ಳು ಹೇಳುವಾಗ ನಗ್ತಾ ಹೇಳ್ತೀರಿ. ಈಗ ನಗ್ತಾ ಇಲ್ಲ."

ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಗಂಡನ ಕಡೆ ತಿರುಗಿ, ಹೋಗಿ, ಗ್ಯಾರೇಜಿಗೆ ಹೋಗಿ ನೋಡ್ಕೊಂಡು ಬನ್ನಿ ಎಂದಳು. ಏನನ್ನು ನೋಡುವುದು ಎಂದು ಅವನು ಕೇಳಿದ. ಭಾವನ ಮನೇಲಿ ಹಳೇ ಸಾಮಾನು ಯಾವುದನ್ನೂ ಬಿಸಾಡಲ್ಲ, ಒಂದು ರಿಂಗು ಹೋದರೆ ಇನ್ನೊಂದು ಇದ್ದೇ ಇರುತ್ತೆ ಎಂದಳು. ಕಾಫಿಯನ್ನು ಒಳಗೆ ತೆಗೆದುಕೊಂಡು ಹೋದಳು. ಆ ಮನೆಯಲ್ಲಿ ಹೆಡ್ಮೇಷ್ಟ್ರು ಕಾಫಿಯಿಲ್ಲದೆ ಹೊರಟದ್ದು ಅದೇ ಮೊದಲು.

ಇಬ್ಬರೂ ನಡೆದೇ ಗ್ಯಾರೇಜಿಗೆ ಬಂದರು. ದಾರಿ ದಾಟುವಾಗ ನಿಧಾನಪ್ಪ ಎರಡೂ ಕಡೆ ನೋಡಿ, ಮತ್ತೆ ನೋಡಿ, ಆಮೇಲೂ ಹೆಡ್ಮೇಷ್ಟ್ರ ಮುಖ ನೋಡಿ ದಾಟಿದ.

ಒಳಗೆ ಬಂದವನೇ ಹೆಡ್ಮೇಷ್ಟ್ರು ಮೇಲಿನ ಶೆಲ್ಫಿನಿಂದ ಬಿಸ್ಕತ್ತಿನ ದೊಡ್ಡ ಡಬ್ಬ ಇಳಿಸಿ, ಮುಚ್ಚಳ ತೆಗೆದು, ಮೇಜಿನ ಮೇಲೆ ಸುರಿದ. ರಬ್ಬರ್ ರಿಂಗುಗಳು. ತೊಳೆದು, ಒರೆಸಿ, ಅಳತೆಗೆ ತಕ್ಕಂತೆ ದಾರದಲ್ಲಿ ಪೋಣಿಸಿಟ್ಟವು. ಒಂದೂ ಹೊಸದಲ್ಲ. ಬಿಚ್ಚಿದ ಗಾಡಿಗಳಿಂದ ತೆಗೆದು, ಇನ್ನೂ ಜೀವವಿದೆ ಎಂದು ಕೂಡಿಟ್ಟವು. ನಿಧಾನಪ್ಪ ಒಂದು ಸರದಿಂದ ಒಂದು ರಿಂಗನ್ನು ಬಿಡಿಸಿ, ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದ. ಅದು ಸೀಳಿತು. ಇನ್ನೊಂದನ್ನು ಬಗ್ಗಿಸಿದ. ಅದು ಸೀಳಲಿಲ್ಲ, ಬಗ್ಗಿದ್ದು ಹಾಗೇ ಸೊಟ್ಟಗೆ ಉಳಿಯಿತು. ಮೂರನೆಯದು ಮತ್ತೆ ಸೀಳಿತು.

ಕೈಯಲ್ಲಿದ್ದ ಚೂರನ್ನು ಅವನು ಮೇಜಿನ ಮೇಲಿಟ್ಟ. ಓಡಿಸುವವರಿಲ್ಲದೆ ಡಾಕ್ಟರಮ್ಮನ ಕಾರು ಇನ್ನೂ ಪಕ್ಕದಲ್ಲೇ ನಿಂತಿತ್ತು. ಹೋಗಿ ಅದರ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ.

"ಹಾಗಾದ್ರೆ ಮುಳ್ಳು ಏರಿರಲಿಲ್ಲ" ಎಂದ.

"ಏರಿರಲಿಲ್ಲ."

"ನಾನು ನೋಡ್ತಾನೇ ಇದ್ದೆ."

"ನೋಡ್ತಾನೇ ಇದ್ದೆ" ಎಂದ ಹೆಡ್ಮೇಷ್ಟ್ರು. ಬೈಯಲಿ ಎಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಕೊರಳ ಪಟ್ಟಿ ಹಿಡಿದಿದ್ದರೂ ಆಗುತ್ತಿತ್ತು.

ನಿಧಾನಪ್ಪ ತಿರುಗಿ ಮೇಜಿನ ಮೇಲಿನ ಸರಗಳನ್ನೇ ನೋಡಿದ. ಅವನ ಮುಖದಲ್ಲಿ ಇಷ್ಟು ವರ್ಷ ಇದ್ದ ಏನೋ ಒಂದು ಈಗ ಇರಲಿಲ್ಲ. ಇನ್ನು ಮೇಲೆ ತಾನು ಏನು ಹೇಳಿದರೂ ಇವನು ಒಮ್ಮೆ ಬಗ್ಗಿಸಿ ನೋಡಿಯೇ ಒಪ್ಪುತ್ತಾನೆ ಎಂದು ಹೆಡ್ಮೇಷ್ಟ್ರಿಗೆ ಅರಿವಾಯಿತು. ಅದು ಸರಿಯೇ ಎಂದೂ ಅನ್ನಿಸಿತು.

"ಇವು ಇನ್ನೂ ಯಾರ್ಯಾರ ಗಾಡೀಲಿವೆ?" ಎಂದು ಕೇಳಿದ ನಿಧಾನಪ್ಪ.

ಆ ಪ್ರಶ್ನೆಯನ್ನು ಹೆಡ್ಮೇಷ್ಟ್ರು ತನಗೆ ತಾನು ಕೇಳಿಕೊಂಡೇ ಇರಲಿಲ್ಲ. ತನ್ನ ಪಾಪದ ಲೆಕ್ಕದಲ್ಲಿ ಅವನು ಷಡ್ಡಕನೊಬ್ಬನನ್ನೇ ಇಟ್ಟುಕೊಂಡಿದ್ದ. ಗುಂಡಿಯ ಅಂಚಿನಲ್ಲಿ ಕೂತು ನೆನಪು ಮಾಡಿಕೊಳ್ಳತೊಡಗಿದ. ಲಾಂಡ್ರಿಯವಳ ವ್ಯಾನು. ಡ್ರಾಯಿಂಗ್ ಟೀಚರಿನ ಸಣ್ಣ ಕಾರು. ಆಂಬುಲೆನ್ಸು ಒಂದು. ಆಂಬುಲೆನ್ಸು ಎನ್ನುವಾಗ ಅವನ ದನಿ ಇಳಿಯಿತು. ನಿಧಾನಪ್ಪ ಅಷ್ಟರಲ್ಲೇ ಫೋನು ತೆಗೆದು ಆಂಬುಲೆನ್ಸಿನ ಡ್ರೈವರನಿಗೆ ಗಾಡಿ ಹೊರಗೆ ತೆಗೀಬೇಡ, ಬರ್ತಿದ್ದೀವಿ ಎಂದು ಹೇಳಿದ. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದ ಡಾಕ್ಟರಮ್ಮನ ಕಾರಿನ ಕೀಲಿಗೆ ಕೈ ಚಾಚಿ, ತೆಗೆದುಕೊಂಡ.

"ಹತ್ತಿ" ಎಂದ. "ಒಬ್ಬೊಬ್ಬರ ಹತ್ರಾನೂ ನೀವೇ ಹೇಳ್ಬೇಕು."

ಅಣ್ಣ ಎನ್ನಲಿಲ್ಲ. ಹೆಡ್ಮೇಷ್ಟ್ರು ಹಿಂದಿನ ಸೀಟಿನಲ್ಲಿ ಹೋಗಿ ಕೂತ. ಕಾರು ಎಂದಿನ ನಿಧಾನದಲ್ಲೇ ಹೊರಟಿತು. ಮೊದಲ ತಿರುವಿನಲ್ಲಿ ನಿಧಾನಪ್ಪ ಗಾಡಿ ನಿಲ್ಲಿಸಿ ಎರಡೆರಡು ಸಲ ನೋಡಿದ, ಮುಂದಿನ ತಿರುವಿನಲ್ಲಿ ಒಂದೇ ಸಲ ನೋಡಿದ.

ಆಂಬುಲೆನ್ಸನ್ನು ನಿಲ್ಲಿಸಿ ಅಲ್ಲಿಯವರ ಬೈಗುಳವನ್ನು ತಲೆ ತಗ್ಗಿಸಿ ಕೇಳಿಸಿಕೊಂಡದ್ದಾಯಿತು. ಹೆಡ್ಮೇಷ್ಟ್ರಿಗೆ ಅದು ಅಷ್ಟೇನೂ ಕಷ್ಟವಾಗಲಿಲ್ಲ. ಅಲ್ಲಿಂದ ಲಾಂಡ್ರಿಗೆ ಹೋದರು. ಅಂಗಡಿಯೊಳಗೆ ಹಬೆ ತುಂಬಿತ್ತು. ಲಾಂಡ್ರಿಯವಳು ಮಡಿಸುತ್ತಿದ್ದ ಹಾಸಿಗೆಬಟ್ಟೆಯನ್ನು ಎದೆಗವುಚಿಕೊಂಡೇ ಹೊರಗೆ ಬಂದಳು. ಹೆಡ್ಮೇಷ್ಟ್ರನ್ನು ಕಂಡದ್ದೇ ತಡ, ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಬೈಬೇಡಿ ಮೇಷ್ಟ್ರೇ. ರೇಡಿಯೇಟರ್ ನೀರು ಯಾಕೋ ಕಂದಗಾಗಿದೆ. ನಾನೇ ಎಲ್ಲೋ ಸರಿಯಾಗಿ ನೋಡ್ಕೊಂಡಿಲ್ಲ, ನೀವು ಬೈತೀರಿ ಅಂತ ಹೆದರಿ ತರಲಿಲ್ಲ. ತಪ್ಪು ನಂದೇ."

ಹೆಡ್ಮೇಷ್ಟ್ರು ಅಲ್ಲೇ ನಿಂತುಬಿಟ್ಟ. ಅವನಿಂದ ಪಾಠ ಕೇಳಿ, ತಲೆ ತಗ್ಗಿಸಿ ಹೋದವರು ಎಷ್ಟು ಜನ! ಅವರಲ್ಲಿ ತಮ್ಮದಲ್ಲದ ತಪ್ಪನ್ನು ಹೊತ್ತುಕೊಂಡು ಹೋದವರು ಯಾರ್ಯಾರು ಎಂದು ಹೇಳಲು ಅವನ ಬಳಿ ಯಾವ ಡಬ್ಬವೂ ಇರಲಿಲ್ಲ. ಹಿಂತಿರುಗಿ ನೋಡಿದ. ನಿಧಾನಪ್ಪ ಎಂಜಿನ್ನು ಆರಿಸಿ, ಕಿಟಕಿ ಇಳಿಸಿ, ಕೇಳಿಸಿಕೊಳ್ಳುತ್ತ ಕೂತಿದ್ದ.

"ನಿಮ್ಮದಲ್ಲಮ್ಮ" ಎಂದ ಹೆಡ್ಮೇಷ್ಟ್ರು. "ನಂದು."

ತಮಾಷೆಯೆಂದುಕೊಂಡು ಅವಳು ನಕ್ಕುಬಿಟ್ಟಳು. ಅವನು ಅವಳ ಕೈಯಿಂದ ಹಾಸಿಗೆಬಟ್ಟೆ ತೆಗೆದು ಪಕ್ಕಕ್ಕಿಟ್ಟು, ಮೊದಲಿನಿಂದ ಹೇಳತೊಡಗಿದ.